ಕಷಾಯದ ರವಿವಾರಗಳು

ದೀಪಾವಳಿ ಮುಗಿದು ಗೋವಾದ ವಾಸ್ಕೋ ಪಕ್ಕದ ಸಡಾದ ಗುಡ್ಡದ ಮೇಲೆ ಬೆಳಗಿನ ಹೊತ್ತು ಚಳಿ ಹತ್ತತೊಡಗಿದ ದಿನಗಳಲ್ಲಿ ಮುತ್ತು ಕುಡಿಯುವುದನ್ನು ಬಿಟ್ಟ. ಅವನು ಬಂದರದ ಪಕ್ಕದ ಹಡಗು ರಿಪೇರಿ ಯಾರ್ಡಿನಲ್ಲಿ ವೆಲ್ಡರ್. ಪಳಗಿದ ಕೈ. ಆ ಕೈ ಈಚೆಗೆ ನಡುಗುತ್ತಿತ್ತು. ಒಂದು ದಿನ ಬೆಸುಗೆಯ ಗೆರೆ ಸೊಟ್ಟಗಾದಾಗ ಮೇಸ್ತ್ರಿ ಎಲ್ಲರೆದುರಿಗೇ ಅವನ ಕೈಯಿಂದ ವೆಲ್ಡಿಂಗ್ ಹೋಲ್ಡರ್ ತೆಗೆದುಕೊಂಡು ಪಕ್ಕದವನಿಗೆ ಕೊಟ್ಟ. ಬೈಯಲಿಲ್ಲ. ಬೈದಿದ್ದರೆ ಮುತ್ತು ಸೀದಾ ಬಾರಿಗೆ ಹೋಗಿ ಅದನ್ನು ಮರೆಯುತ್ತಿದ್ದನೇನೋ. ಮೇಸ್ತ್ರಿ ಸುಮ್ಮನೆ ಅವನ ಬೆನ್ನು ತಟ್ಟಿ, ಕಬ್ಬಿಣ ಹೊರುವವರ ಜೊತೆ ಹೋಗಲು ಹೇಳಿದ.

ಆ ಸಂಜೆ ಅವನು ಕುಡಿಯದೆ ಮನೆಗೆ ಬಂದು ಹೊಸ್ತಿಲ ಮೇಲೆ ಕೂತ. ಏಳು ವರ್ಷದ ಮಗಳು ಪೂಜಾಳನ್ನು ಹತ್ತಿರ ಕರೆದು ಅವಳ ತಲೆಯ ಮೇಲೆ ಕೈಯಿಟ್ಟು, "ಇನ್ನ ಮುಟ್ಟಂಗಿಲ್ಲ" ಎಂದ. ಒಳಗೆ ಹೆಂಡತಿ ಮೀನಾ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಇಂಥ ಮಾತನ್ನು ಹಿಂದೆಯೂ ಕೇಳಿದ್ದಳು. ಒಲೆಯ ಮುಂದೆ ಕೂತಿದ್ದ ಅತ್ತೆ ಸುಂದರವ್ವ ಮಾತ್ರ ತಿರುಗಿ ಮಗನ ಮುಖವನ್ನು ಬಹಳ ಹೊತ್ತು ನೋಡಿದಳು. ಹಿಗ್ಗಬೇಕಾದ ಮುದುಕಿ ಹೆದರಿದವಳ ಹಾಗೆ ಕಾಣುತ್ತಿದ್ದಳು. ಯಾಕೆಂದು ಮೀನಾಳಿಗೆ ಆಗ ತಿಳಿಯಲಿಲ್ಲ.

ಮೊದಲ ದಿನಗಳು ಕಷ್ಟದವು. ಅವನಿಗೆ ನಿದ್ದೆ ಹತ್ತಲಿಲ್ಲ. ಆ ಚಳಿಯಲ್ಲೂ ಬೆವರಿನಿಂದ ಅಂಗಿ ಒದ್ದೆಯಾಗುತ್ತಿತ್ತು. ಲೋಟ ಹಿಡಿದರೆ ನೀರು ಎದೆಯ ಮೇಲೆ ಚೆಲ್ಲುತ್ತಿತ್ತು. ಮೀನಾ ವಾಸ್ಕೋದ ಫ್ಲ್ಯಾಟುಗಳಲ್ಲಿ ಅಡಿಗೆ ಕೆಲಸ ಮಾಡುವವಳು. ಮೇಲಿಂದ ಮೇಲೆ ರಜೆ ಮಾಡಿದರೆ ಬೇರೆಯವರನ್ನು ಹಚ್ಚಿಕೊಳ್ಳುತ್ತಾರೆ. ಗಂಡನನ್ನು ಅತ್ತೆಯ ಕೈಗೆ ಬಿಟ್ಟು ಹೋದಳು. ಒಂದು ಸಂಜೆ ಬಂದು ನೋಡಿದರೆ ಮುತ್ತು ಗೋಡೆಗೆ ಮುಖ ಮಾಡಿ ಗಾಢ ನಿದ್ದೆಯಲ್ಲಿದ್ದ. ಕೆಳತುಟಿ ಬಾತುಕೊಂಡಿತ್ತು.

"ತುಟಿಗೆ ಏನಾತ್ರೀ ಅತ್ತಿ?"

"ಜ್ವರದಾಗ ಹಲ್ಲು ಕಡಕೊಂಡಾನವ್ವಾ. ಕಷಾಯ ಮಾಡಿ ಕುಡಿಸೀನಿ. ಈಗ ಚಲೋ ಅದಾನ, ಎಬ್ಬಸಬ್ಯಾಡ."

ಮರುದಿನದಿಂದ ಅವನು ನಿಜವಾಗಿಯೂ ಚೇತರಿಸಿಕೊಂಡ. ಕೈಯ ನಡುಕ ಕಡಿಮೆಯಾಯಿತು. ಊಟ ಸೇರಿತು. ಕೆಲಸಕ್ಕೆ ಹೋಗಿ ಕತ್ತಲಾಗುವ ಮುಂಚೆ ಮನೆಗೆ ಬರತೊಡಗಿದ. ಸುಂದರವ್ವ ನಸುಕಿನಲ್ಲೇ ಎದ್ದು ಕಷಾಯಕ್ಕೆ ಇಡುತ್ತಿದ್ದಳು. ಹವೀಜ ಎನ್ನುವ ಕೊತ್ತಂಬರಿ ಬೀಜ, ಜೀರಿಗೆ ಹುರಿದು ಕುಟ್ಟಿದ ಪುಡಿ, ಜಜ್ಜಿದ ಹಸಿ ಶುಂಠಿ, ಮೆಣಸು, ಬೆಲ್ಲ. ಬಾಗಿಲ ಪಕ್ಕ ಎಣ್ಣೆಯ ಡಬ್ಬಿಯಲ್ಲಿ ಬೆಳೆಸಿದ, ನಿಂಬೆಯ ವಾಸನೆಯ ಗವತಿ ಹುಲ್ಲಿನ ಎರಡು ಎಸಳು. ಕುದಿಯತೊಡಗಿದರೆ ಆ ಒಂದು ಖೋಲಿಯ ಮನೆಯಲ್ಲಿ ಯಾರಿಗೂ ಮಲಗಲು ಆಗುತ್ತಿರಲಿಲ್ಲ. ಅಷ್ಟು ಚಂದದ ವಾಸನೆ. ಮೀನಾಳಿಗೆ ಆ ಪಾತ್ರೆಗೆ ಕೈ ಮುಗಿಯಬೇಕೆನಿಸುತ್ತಿತ್ತು.

ಅವಳಿಗೆ ಇದ್ದ ದೊಡ್ಡ ಭಯ ರವಿವಾರದ್ದು. ಯಾರ್ಡಿಗೆ ರಜೆ, ಬೆಳಗ್ಗೆ ಬಾರಿನ ಬಾಗಿಲು ತೆರೆಯುವ ಹೊತ್ತಿಗೆ ಗೆಳೆಯರು ಓಣಿಯ ತುದಿಯಲ್ಲಿ ನಿಂತು ಕೂಗುತ್ತಿದ್ದರು. ಅದಕ್ಕೆ ಅವಳೇ ಒಂದು ಉಪಾಯ ತೆಗೆದಳು.

"ರವಿವಾರ ನಸುಕಿನ್ಯಾಗ ಎದ್ದು ಎಲ್ಲ್ಯರ ಹೋಗಿಬಿಡೂಣ್ರಿ. ಊರಿಂದ ಬಂದ್ ಇಷ್ಟ್ ವರ್ಷಾತು, ಗೋವಾ ನೋಡಾಕ ಎಲ್ಲೆಲ್ಲಿಂದೋ ಮಂದಿ ಬರ್ತಾರ. ನಾವು ಏನ್ ನೋಡೀವಿ?"

ಮುತ್ತು ನಕ್ಕ. "ಬಂದರ ನೋಡೀವಲ್ಲ, ಬಾರ್ ನೋಡೀವಿ."

"ನಗಬ್ಯಾಡ್ರಿ. ಖರೇ ಹೇಳಾಕತ್ತೀನಿ."

ಹಾಗೆ ಶುರುವಾಯಿತು. ಮುತ್ತುವಿನ ಹಳೆಯ ಮೋಟರ್‌ಸೈಕಲ್ಲಿನ ಮೇಲೆ ಅವನ ಬೆನ್ನಿಗೆ ಪೂಜಾ, ಪೂಜಾಳ ಬೆನ್ನಿಗೆ ಮೀನಾ. ಮಗುವಿಗೆ ಸ್ವೆಟರು, ಮಂಕಿ ಟೊಪ್ಪಿಗೆ. ಮೀನಾಳ ತಲೆಗೆ ಸುತ್ತಿದ ಶಾಲು. ಸುಂದರವ್ವ ಮೊಣಕಾಲು ನೋವೆಂದು ಬರುತ್ತಿರಲಿಲ್ಲ, ಆದರೆ ಎಲ್ಲರಿಗಿಂತ ಮೊದಲು ಎದ್ದು ಬುತ್ತಿ ಕಟ್ಟುತ್ತಿದ್ದಳು. ರೊಟ್ಟಿ, ಶೇಂಗಾ ಚಟ್ನಿ, ಮೀನಾ ಕೆಲಸ ಮಾಡುವ ಮನೆಯವರು ಕೊಟ್ಟಿದ್ದ ಫ್ಲಾಸ್ಕಿನ ತುಂಬ ಕಷಾಯ. ಅದರ ಜೊತೆ ಒಂದು ಸಣ್ಣ ಸ್ಟೀಲ್ ಬಾಟಲಿ.

"ಇದು ಮುತ್ತೂಂದು. ಮೆಣಸು ಭಾಳ ಹಾಕೀನಿ. ಕೂಸಿಗೆ ಕೊಡಬ್ಯಾಡ್ರಿ, ಗಂಟಲಾ ಉರೀತೈತಿ" ಎನ್ನುತ್ತಿದ್ದಳು.

ಮೊದಲ ರವಿವಾರ ದೂರ ಹೋಗಲಿಲ್ಲ. ಸಡಾದಲ್ಲೇ ಇರುವ ಜಪಾನೀ ತೋಟದ ಮೆಟ್ಟಿಲಿಳಿದು ಸಮುದ್ರ ನೋಡುತ್ತ ಕೂತರು. ಕೆಳಗೆ ಮಂಜಿನಲ್ಲಿ ಹಡಗುಗಳು ಅರ್ಧರ್ಧ ಕಾಣುತ್ತಿದ್ದವು. ಮುತ್ತು ಒಂದೊಂದನ್ನೂ ತೋರಿಸಿ, ಇದು ಕಲ್ಲಿದ್ದಲಿನದು, ಇದರ ಹೊಟ್ಟೆಯೊಳಗೆ ಇಳಿದು ನಾನು ವೆಲ್ಡಿಂಗ್ ಮಾಡೀನಿ, ಒಳಗೆ ಕೂಗಿದರೆ ನಮ್ಮ ದನಿ ನಮಗೇ ಹತ್ತು ಸಲ ಕೇಳುತ್ತದೆ ಎಂದು ಮಗಳಿಗೆ ಹೇಳಿದ. ಪೂಜಾ ಅಲ್ಲೇ ನಿಂತು ಕೂಗಿ ನೋಡಿದಳು. ಆಮೇಲೆ ಬೋಗ್ಮಾಳೊ ಆಯಿತು. ಅದರಾಚೆ ಹೊಳಾಂತದ ದಂಡೆ. ಅಲ್ಲಿ ಸೂರ್ಯ ಹುಟ್ಟುವುದನ್ನು ಸಮುದ್ರದ ದಂಡೆಯಿಂದಲೇ ನೋಡಬಹುದು. ತೆಂಗಿನ ಮರಗಳ ಹಿಂದೆ ಆಕಾಶ ಕೆಂಪಾಗುತ್ತಿದ್ದಂತೆ ಮೀನುಗಾರರು ಬಲೆ ಎಳೆಯುತ್ತಿದ್ದರು. ಮುತ್ತು ಪ್ಯಾಂಟು ಮಡಿಚಿ ಹೋಗಿ ಅವರ ಜೊತೆ ಹಗ್ಗಕ್ಕೆ ಕೈ ಹಾಕಿದ. ಅವರ ಕೊಂಕಣಿ ಇವನಿಗೆ ಅರ್ಧ ಬರುತ್ತಿತ್ತು, ಉಳಿದರ್ಧಕ್ಕೆ ನಗುತ್ತಿದ್ದ.

ಬಂದು ಮರಳಿನ ಮೇಲೆ ಕೂತು, ಬಾಟಲಿಯ ಮುಚ್ಚಳಕ್ಕೆ ತನ್ನ ಕಷಾಯ ಬಗ್ಗಿಸಿಕೊಂಡು ಸುರ್ ಎಂದು ಎಳೆದು, "ಆಹಾ, ನಮ್ಮವ್ವನ ಕೈಯೇ ಕೈ" ಎನ್ನುತ್ತಿದ್ದ. ಮೀನಾಳೂ ಮಗಳೂ ಫ್ಲಾಸ್ಕಿನಿಂದ ಕುಡಿಯುತ್ತಿದ್ದರು. ಬಿಸಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತರೆ ಚಳಿಗಾಳಿಯೂ ಹಿತವಾಗಿರುತ್ತಿತ್ತು. ಮದುವೆಯಾದಾಗಿನಿಂದ ಅವಳಿಗೆ ಗಂಡನೆಂದರೆ ಎರಡೇ ರೂಪ ಗೊತ್ತಿದ್ದವು: ಕುಡಿದವನು, ಕುಡಿಯಲು ಕಾಯುತ್ತಿರುವವನು. ಹೀಗೆ ತಮಾಷೆ ಮಾಡುವ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲೆಯ ಅಂಚಿನಲ್ಲಿ ಓಡುವ, ತನ್ನ ಕಡೆ ತಿರುಗಿ "ಚಳಿ ಆತೇನು?" ಎಂದು ಕೇಳುವ ಮನುಷ್ಯನನ್ನು ಅವಳು ನೋಡಿಯೇ ಇರಲಿಲ್ಲ. ಒಮ್ಮೆ ಸುಮ್ಮನೆ ಕಣ್ಣು ತುಂಬಿ ಬಂತು. ಶಾಲಿನಿಂದ ಒರೆಸಿಕೊಂಡಳು.

"ಯಾಕ?"

"ಏನಿಲ್ರಿ. ಗಾಳಿ."

ಡಿಸೆಂಬರ್ ಹೀಗೆ ಹೋಯಿತು. ಜನವರಿಯೂ ಬಹುಪಾಲು ಹೋಯಿತು. ಯಾರ್ಡಿನಲ್ಲಿ ಮೇಸ್ತ್ರಿ ಮತ್ತೆ ಅವನ ಕೈಗೆ ಹೋಲ್ಡರ್ ಕೊಟ್ಟಿದ್ದ. ಮೀನಾ ತಾನು ಕೆಲಸ ಮಾಡುವ ಮನೆಗಳಲ್ಲಿ, ಕೇಳಿದವರಿಗೂ ಕೇಳದವರಿಗೂ, ಅತ್ತೆಯ ಕಷಾಯದ ವಿಷಯ ಹೇಳುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲಿನ ಒಂದು ರವಿವಾರ ಹೊಳಾಂತದಲ್ಲಿ ಚಳಿ ಹೆಚ್ಚಾಗಿತ್ತು. ಪೂಜಾ ನೀರಿನಲ್ಲಿ ಜಾರಿ ಬಿದ್ದು ಸೊಂಟದವರೆಗೆ ತೋಯ್ದು ಓಡಿ ಬಂದಳು. ಹಲ್ಲು ಕಟಕಟ ಎನ್ನುತ್ತಿದ್ದವು. ಮೀನಾ ಮಗಳ ಬಟ್ಟೆ ತೆಗೆದು ತನ್ನ ಶಾಲು ಸುತ್ತಿ, ಫ್ಲಾಸ್ಕ್ ಬಗ್ಗಿಸಿದರೆ ಅದು ಖಾಲಿ. ಮುತ್ತು ದೂರದಲ್ಲಿ ಬಲೆಯವರ ಜೊತೆ ನಿಂತಿದ್ದ. ಅವಳು ಚೀಲದಲ್ಲಿ ಮಗುವಿನ ಇನ್ನೊಂದು ಅಂಗಿ ಹುಡುಕುವಷ್ಟರಲ್ಲಿ ಪೂಜಾ ಅಪ್ಪನ ಬಾಟಲಿ ಎತ್ತಿ ಗಟಗಟ ಕುಡಿದುಬಿಟ್ಟಳು. ಮರುಕ್ಷಣ ಕೆಮ್ಮು. ಮುಖವೆಲ್ಲ ಕೆಂಪಾಗಿ, ಕಣ್ಣು ಮೂಗಿನಿಂದ ನೀರು ಸುರಿಯಿತು.

"ಮಮ್ಮೀ, ಪಪ್ಪಾಂದು ಉರೀತೈತಿ!"

"ಮೆಣಸಿಂದು ಬ್ಯಾಡಂತ ಆಯಿ ಹೇಳಿಲ್ಲೇನು?" ಎನ್ನುತ್ತ ಮೀನಾ ಮಗಳ ಬೆನ್ನು ಸವರಿದಳು. ಮಗುವಿನ ಉಸಿರು ಅವಳ ಮುಖಕ್ಕೆ ತಾಗಿತು. ಅವಳ ಕೈ ಅಲ್ಲೇ ನಿಂತಿತು. ಬಾಟಲಿ ತೆಗೆದು ಮೂಸಿದಳು. ಶುಂಠಿ, ಮೆಣಸು, ಬೆಲ್ಲ, ಅದರಡಿಯಲ್ಲಿ ರಮ್ಮು. ಎಷ್ಟೋ ವರ್ಷ ಅವನ ಅಂಗಿ, ಹಾಸಿಗೆ, ತಲೆದಿಂಬು ಎಲ್ಲದರಲ್ಲೂ ಇದ್ದ ವಾಸನೆ. ಅದಕ್ಕೆ ಅವಳ ಮೂಗು ಎಷ್ಟು ಹೊಂದಿಕೊಂಡಿತ್ತೆಂದರೆ, ಇಷ್ಟು ವಾರ ಅವನ ಬೆನ್ನ ಹಿಂದೆಯೇ ಕೂತರೂ ಅದು ಇದೆ ಎಂದೇ ಅನಿಸಿರಲಿಲ್ಲ.

ಮುತ್ತು ನಗುತ್ತ ಬರುತ್ತಿದ್ದವನು ಅವಳ ಕೈಯಲ್ಲಿ ಬಾಟಲಿ ನೋಡಿ ಸ್ವಲ್ಪ ದೂರದಲ್ಲೇ ನಿಂತುಬಿಟ್ಟ.

"ಎಂದಿನಿಂದ?" ಎಂದು ಕೇಳಿದಳು.

ಅವನು ಸಮುದ್ರದ ಕಡೆ ನೋಡಿದ.

"ಎಂದಿನಿಂದ್ರೀ? ಮೊದಲ್ನೇ ರವಿವಾರದಿಂದಾನೂ ಇತ್ತೇನು?"

"ಸ್ವಲ್ಪ ಇರತಿತ್ತು."

"ಗಾಡಿ ಮ್ಯಾಲೆ ಕೂಸು ಇತ್ತು. ನಾನು ಇದ್ದೆ."

"ಸ್ವಲ್ಪ, ಮೀನಾ. ಕೈ ನಡುಗಬಾರದಂತ ಅಷ್ಟ."

ಮೀನಾ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡಳು. ಮಗಳನ್ನು ಎತ್ತಿಕೊಂಡು ರಸ್ತೆಯವರೆಗೆ ನಡೆದು ಬಸ್ಸು ಹಿಡಿದಳು. ಪೂಜಾ ದಾರಿಯುದ್ದಕ್ಕೂ ಅವಳ ತೊಡೆಯ ಮೇಲೆ ನಿದ್ದೆ ಮಾಡಿದಳು. ಅದು ಆಯಾಸದ ನಿದ್ದೆಯೋ ಬೇರೆಯದೋ ಎಂದು ಮೀನಾ ಮತ್ತೆ ಮತ್ತೆ ಬಗ್ಗಿ ಮಗುವಿನ ಉಸಿರು ನೋಡುತ್ತಿದ್ದಳು.

ಮನೆಯಲ್ಲಿ ಸುಂದರವ್ವ ಅಕ್ಕಿ ಆರಿಸುತ್ತಿದ್ದಳು. ಸೊಸೆ ಬಾಟಲಿಯನ್ನು ಮುಂದಿಟ್ಟಾಗ ಮುದುಕಿ ಅದನ್ನು ಒಮ್ಮೆ ನೋಡಿದಳು. ಮೊರ ಪಕ್ಕಕ್ಕೆ ಸರಿಸಿದಳು.

"ನಾನ ಹಾಕಿ ಕೊಟ್ಟೀನಿ" ಎಂದಳು. "ಅವ ಕುಡಿಯೋದು ಬಿಟ್ಟಾಗ ಜ್ವರ ಬಂದಿದ್ದಿಲ್ಲ. ನೀ ಕೆಲಸಕ್ಕ ಹೋಗಿದ್ದಿ. ಫಿಟ್ಸ್ ಬಂದ್ವು. ಬಾಯಾಗ ನೊರಿ, ರಗತ. ನಾನು ಒಬ್ಬಾಕಿ. ಅವರಪ್ಪನೂ ಹಿಂಗ ಒಮ್ಮೆಲೇ ಬಿಟ್ಟಿದ್ದ. ಎಲ್ಲಾರೂ ಹಾರ ಹಾಕೋದೊಂದ ಬಾಕಿ, ಅಷ್ಟು ಹೊಗಳಿದ್ರು. ಫಿಟ್ಸ್‌ನಾಗ ಹೋದ. ನನ್ನ ತೊಡಿ ಮ್ಯಾಲೆ ಹೋದ."

ಮಾವ ಬಾಲಪ್ಪ ಸತ್ತದ್ದು ಎದೆನೋವಿನಿಂದ ಎಂದೇ ಇಷ್ಟು ದಿನ ಮೀನಾಳಿಗೆ ಗೊತ್ತಿದ್ದದ್ದು.

"ಹುಟ್ಟಿದಾಗಿನಿಂದ ಬಾರಿನ ಪಾವಟಿಗಿ ಹತ್ತಿರಲಿಲ್ಲವ್ವಾ ನಾನು. ಅವತ್ತ ಓಡಿಹೋಗಿ ತಂದೆ. ಕಷಾಯದಾಗ ಒಂದು ಮುಚ್ಚಳ ಹಾಕಿ ಕುಡಿಸಿದೆ. ನಡುಕ ನಿಂತು ಹೋತು. ದಿನಾ ಸ್ವಲ್ಪ ಸ್ವಲ್ಪ ಕಡಿಮಿ ಮಾಡಿ ಬಿಡಿಸೂಣು ಅಂದ್ಕೊಂಡಿದ್ದೆ."

"ಕಡಿಮಿ ಆತೇನ್ರಿ?"

ಸುಂದರವ್ವ ಮತ್ತೆ ಮೊರ ಎಳೆದುಕೊಂಡಳು. ಕಡಿಮೆಯಾಗಿರಲಿಲ್ಲ. ಮುತ್ತು ಇನ್ನೊಂದಿಷ್ಟು ಎನ್ನುತ್ತಿದ್ದ, ತಾಯಿ ಹಾಕುತ್ತಿದ್ದಳು.

ಮೀನಾ ಕಾಟಿನ ಕೆಳಗಿನ ಡಬ್ಬಿಗಳ ಹಿಂದೆ ಹುಡುಕಿ ರಮ್ಮಿನ ಬಾಟಲಿ ಎಳೆದು, ಹೊರಗೆ ಮೋರಿಗೆ ಸುರಿದಳು. ಮುದುಕಿ ಅವಳ ಸೆರಗು ಹಿಡಿದು, "ಒಮ್ಮೆಲೇ ಬ್ಯಾಡವ್ವಾ, ನಿನ್ನ ಕಾಲ ಬೀಳ್ತೀನಿ, ಒಮ್ಮೆಲೇ ಬ್ಯಾಡ" ಎನ್ನುತ್ತಲೇ ಇದ್ದಳು. ಮೀನಾಳಿಗೆ ಅದು ಕೇಳಿಸುವ ಸ್ಥಿತಿ ಇರಲಿಲ್ಲ. ಕಿವಿಯಲ್ಲಿ ಇನ್ನೂ ಮಗುವಿನ ಕೆಮ್ಮು ಇತ್ತು. ಮುತ್ತು ಬಂದಾಗ, ಮನೆಯಲ್ಲಿರಬೇಕಾದರೆ ಒಂದು ಹನಿ ಮುಟ್ಟುವಂತಿಲ್ಲ, ಇಲ್ಲವಾದರೆ ತಾನು ಪೂಜಾಳನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ ಎಂದಳು. ಅವನು ತಲೆ ತಗ್ಗಿಸಿ ಒಪ್ಪಿಕೊಂಡ. ನಿಜವಾಗಿಯೇ ಒಪ್ಪಿಕೊಂಡಿದ್ದ, ಆ ಬಾರಿ ಎಲ್ಲಿಯೂ ಕದ್ದು ಕುಡಿಯಲಿಲ್ಲ.

ಎರಡು ದಿನ ಕಳೆದ ಮೇಲೆ ಬೆಳಗ್ಗೆ ಹಲ್ಲುಜ್ಜುತ್ತಿದ್ದವನು ಬ್ರಶ್ಶು ಹಿಡಿದಂತೆಯೇ ಹಿಂದಕ್ಕೆ ಬಿದ್ದ. ಈ ಸಲ ಮೀನಾ ಕಣ್ಣಾರೆ ನೋಡಿದಳು: ಸೆಟೆದ ಕೈಕಾಲು, ಮೇಲೆ ಹೋದ ಕಣ್ಣು, ನೆಲಕ್ಕೆ ಬಡಿಯುತ್ತಿದ್ದ ತಲೆ. ಸುಂದರವ್ವ ಮಗನ ತಲೆಯ ಕೆಳಗೆ ತನ್ನ ಕೈಗಳನ್ನೇ ಒಡ್ಡಿ ಕೂತಿದ್ದಳು. ಪಕ್ಕದ ಮನೆಯ ಪರ್ವೇಜ ರಿಕ್ಷಾ ತಂದು ಎಲ್ಲರನ್ನೂ ಆಸ್ಪತ್ರೆಗೆ ಒಯ್ದ.

ಆಸ್ಪತ್ರೆಯ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವಳು, ಮೆತ್ತಗೆ ಮಾತಾಡುವವಳು. ಹೀಗೆ ವರ್ಷಗಟ್ಟಲೆ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಜೀವಕ್ಕೆ ಅಪಾಯ, ಮೊದಲ ಸಲ ನಡುಕ ಬಂದಾಗಲೇ ಇಲ್ಲಿಗೆ ತರಬೇಕಿತ್ತು, ಅದಕ್ಕೆ ಗುಳಿಗೆಗಳಿವೆ ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದಳು. ಲಿವರು ಬಹಳ ಹಾಳಾಗಿದೆ, ಇನ್ನು ಕುಡಿದರೆ ಹೆಚ್ಚು ದಿನ ಬಾಳುವುದಿಲ್ಲ ಎಂದೂ ಹೇಳಿದಳು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಬ್ಬಳು ಕೊಟ್ಟು ಕೆಡಿಸಿದ್ದಳು, ಇನ್ನೊಬ್ಬಳು ಕಸಿದು ಕೊಲ್ಲುವುದರಲ್ಲಿದ್ದಳು. ಇಬ್ಬರಿಗೂ ಅವನು ಬದುಕುವುದು ಬೇಕಿತ್ತು.

ವಾರ್ಡಿನಲ್ಲಿ ಮುತ್ತು ಎಚ್ಚರವಾದ ಮೇಲೆ ಒಂದು ಮಧ್ಯಾಹ್ನ ಮೀನಾಳ ಕೈ ಹಿಡಿದ.

"ಆ ರವಿವಾರಗಳು ಸುಳ್ಳಲ್ಲ" ಎಂದ. "ಕುಡದಿದ್ದೆ ಖರೇ. ಆದ್ರ ನಕ್ಕಿದ್ದು ಸುಳ್ಳಲ್ಲ."

ಅವನು "ಚಳಿ ಆತೇನು" ಎಂದು ಕೇಳಿದ್ದು, ಮಗಳನ್ನು ಹೆಗಲ ಮೇಲೆ ಹೊತ್ತದ್ದು, ಎಲ್ಲ ಮೀನಾಳ ಕಣ್ಣ ಮುಂದೆ ಬಂತು. ನಂಬಬೇಕೆಂದು ಬಹಳ ಆಸೆಯಾಯಿತು. ನಂಬಲು ಆಗಲಿಲ್ಲ. "ಮಕ್ಕೋರಿ" ಎಂದು ಅವನ ಹೊದಿಕೆ ಎಳೆದಳು.

ಗುಳಿಗೆಗಳ ಜೊತೆ ಅವನು ಮನೆಗೆ ಬಂದ. ಕೆಲವು ವಾರ ಒಂದು ಹನಿಯನ್ನೂ ಮುಟ್ಟಲಿಲ್ಲ. ಫಿಟ್ಸ್ ಬರಲಿಲ್ಲ. ಹಾಗೆಯೇ ನಗುವೂ ಬರಲಿಲ್ಲ. ಹೊಸ್ತಿಲ ಮೇಲೆ ಕೂತು ಓಣಿ ನೋಡುತ್ತಿದ್ದ. ಕರೆದರೆ ಬರುತ್ತಿದ್ದ, ಬಡಿಸಿದರೆ ಉಣ್ಣುತ್ತಿದ್ದ. ಸುಂದರವ್ವ ಆ ದಿನದ ಮೇಲೆ ಕಷಾಯದ ಪಾತ್ರೆ ಮುಟ್ಟಿರಲಿಲ್ಲ.

ಫೆಬ್ರವರಿಯ ಕೊನೆಯಲ್ಲಿ ಒಂದು ಶನಿವಾರ ಸಂಜೆ ಪೂಜಾ ಅಪ್ಪನ ಮೊಣಕಾಲಿಗೆ ಆತು ನಿಂತು, "ಪಪ್ಪಾ, ನಾಳೆ ಹೋಗೂಣೇನು?" ಎಂದು ಕೇಳಿದಳು. ಮುತ್ತು ಹೆಂಡತಿಯ ಕಡೆ ನೋಡಿದ. ಮೀನಾ ಹೂಂ ಎಂದಳು. ನಸುಕಿನಲ್ಲಿ ಅವಳೇ ಎದ್ದು, ಅತ್ತೆ ಮಾಡುತ್ತಿದ್ದುದನ್ನು ನೆನೆನೆನೆದು, ಕಷಾಯ ಕಾಸಿದಳು. ಎಲ್ಲರಿಗೂ ಒಂದೇ ಫ್ಲಾಸ್ಕು. ಬಸ್ಸಿನಲ್ಲಿ ಹೋದರು.

ಚಳಿ ಆಗಲೇ ಹಿಂದೆ ಸರಿದಿತ್ತು. ಬೋಗ್ಮಾಳೊದ ಮರಳಿನ ಮೇಲೆ ಮೂವರೂ ಕೂತರು. ಮೀನಾ ಲೋಟಕ್ಕೆ ಬಗ್ಗಿಸಿ ಅವನ ಕೈಗೆ ಕೊಟ್ಟಳು. ಅವನು ಒಂದು ಗುಟುಕು ಕುಡಿದು ಲೋಟ ಹಿಡಿದೇ ಕೂತ. ದೂರದಲ್ಲಿ ಒಂದು ಹಡಗು ನಿಂತಿತ್ತು.

"ಪಪ್ಪಾ, ಅದು ಎಂಥಾದು? ಕಲ್ಲಿದ್ದಲಿಂದೋ?"

"ಗೊತ್ತಿಲ್ಲವ್ವಾ."

ಪೂಜಾ ತಾನೇ ಹೇಳಿದಳು, ಅದರ ಹೊಟ್ಟೆಯೊಳಗೆ ಇಳಿದು ಕೂಗಿದರೆ ದನಿ ಹತ್ತು ಸಲ ಕೇಳುತ್ತದೆ ಎಂದು. ಅವನು ತಲೆಯಾಡಿಸಿದ. ಅವಳು ಎದ್ದು ಒಬ್ಬಳೇ ಕಪ್ಪೆಚಿಪ್ಪು ಆರಿಸಲು ಹೋದಳು. ಮೀನಾ ಏನಾದರೂ ಮಾತು ತೆಗೆಯಬೇಕೆಂದುಕೊಂಡಳು. ಕುಡಿಯದ ಈ ಮನುಷ್ಯನ ಜೊತೆ ಏನು ಮಾತಾಡಬೇಕೆಂದು ಅವಳಿಗೂ ತಿಳಿಯಲಿಲ್ಲ.

"ಚಂದ ಐತಿ ಅಲ್ರೀ?" ಎಂದಳು ಕೊನೆಗೆ.

ಮುತ್ತು ಸಮುದ್ರ ನೋಡಿದ. ಬಹಳ ಪ್ರಯತ್ನಪಟ್ಟು ನೋಡಿದ.

"ಏನೂ ಅನಸವಲ್ದು ಮೀನಾ. ನೋಡಾಕತ್ತೀನಿ, ಖರೇನ ನೋಡಾಕತ್ತೀನಿ. ನೀರು ಕಾಣ್ತೈತಿ. ಪೂಜಾ ಕಾಣ್ತಾಳ. ಒಳಗ ಏನೂ ಆಗವಲ್ದು."

ಲೋಟದಲ್ಲಿ ಕಷಾಯ ತಣ್ಣಗಾಗಿ ಪುಡಿ ತಳಕ್ಕೆ ಕೂತಿತ್ತು. ಅವನು ಅದನ್ನು ಮರಳಿನ ಮೇಲೆ ಜೋಪಾನವಾಗಿ ಇಟ್ಟು ಎದ್ದ.

"ಈಗ ಬರ್ತೀನಿ."

ದಂಡೆಯ ಹಿಂದೆ ಊಟ, ದಾರು ಮಾರುವ ತೆಂಗಿನ ಗರಿಯ ಶ್ಯಾಕುಗಳು ಬಾಗಿಲು ತೆರೆಯುತ್ತಿದ್ದವು. ಅವನು ಅತ್ತ ನಡೆದ. ಓಡಲಿಲ್ಲ, ಹಿಂತಿರುಗಿ ನೋಡಲಿಲ್ಲ. ಹೆಸರು ಹಿಡಿದು ಕೂಗಿದರೆ ಕೇಳಿಸುವಷ್ಟೇ ದೂರ ಇತ್ತು. ಡಾಕ್ಟರು ಹೇಳಿದ್ದು ಅವಳಿಗೆ ಅಕ್ಷರಕ್ಕಕ್ಷರ ನೆನಪಿತ್ತು. ಕೂಗಿದರೆ ಬರುತ್ತಿದ್ದ, ಬಂದು ಮತ್ತೆ ಇಲ್ಲಿಯೇ ಹೀಗೆಯೇ ಕೂರುತ್ತಿದ್ದ. ಮುಂದಿನ ರವಿವಾರವೂ, ಅದರ ಮುಂದಿನದೂ. ಅವಳು ಕೂಗಲಿಲ್ಲ.

ಬಿಸಿಲು ಏರಿತು. ಪ್ರವಾಸಿಗರು ಬಂದು ಛತ್ರಿಗಳ ಕೆಳಗೆ ಕೂತರು. ಪೂಜಾ ಒಂದು ಮುಷ್ಟಿ ಚಿಪ್ಪು ತಂದು, "ಪಪ್ಪಾ ಎಲ್ಲಿ?" ಎಂದಳು. "ಬರ್ತಾರ" ಎಂದಳು ಮೀನಾ. ಇನ್ನೂ ಸ್ವಲ್ಪ ಹೊತ್ತು ಕಾದು, ಮಗಳ ಕಾಲಿನ ಮರಳು ಒರೆಸಿ, ಬಸ್ ಸ್ಟ್ಯಾಂಡಿಗೆ ನಡೆದಳು.

ಸುಂದರವ್ವ ಬಾಗಿಲಲ್ಲಿ ನಿಂತಿದ್ದಳು. ಇಬ್ಬರೇ ಬರುವುದನ್ನು ನೋಡಿ, ಅವರ ಹಿಂದಿನ ಓಣಿಯನ್ನೊಮ್ಮೆ ನೋಡಿ, ಒಳಗೆ ಹೋಗಿ ಅನ್ನಕ್ಕೆ ಇಟ್ಟಳು.

ಊಟದ ಹೊತ್ತು ಮೀರಿದ ಮೇಲೆ ಪರ್ವೇಜನ ರಿಕ್ಷಾ ಬಂತು. ಚೌಕದ ಹತ್ತಿರ ಬಿದ್ದಿದ್ದನಂತೆ. ಅತ್ತೆ ಸೊಸೆ ಇಬ್ಬರೂ ಎರಡು ಕಡೆ ಹಿಡಿದು ಅವನನ್ನು ಒಳಗೆ ತಂದು, ವಾಂತಿಯಾದರೆ ಗಂಟಲಿಗೆ ಸಿಗಬಾರದೆಂದು ಮಗ್ಗುಲಾಗಿ ಮಲಗಿಸಿದರು. ಮಲಗಿಸುವಾಗ ಅವನು ಕಣ್ಣು ತೆರೆದು ಪೂಜಾಳನ್ನು ನೋಡಿ ನಕ್ಕ. ಆ ದಂಡೆಯ ಮೇಲಿನ ನಗುವೇ ಅದು, ಅಷ್ಟೇ ಚಂದದ್ದು. ಪೂಜಾ ನಗಲಿಲ್ಲ. ಅಜ್ಜಿಯ ಹಿಂದೆ ಸರಿದು ನಿಂತಳು.

"ನಾಳಿಂದ ಮತ್ತ ಗುಳಿಗಿ ಶುರು ಮಾಡೂಣೇನವ್ವಾ?" ಎಂದು ಸುಂದರವ್ವ ಮೆಲ್ಲಗೆ ಕೇಳಿದಳು.

"ಮಾಡೂಣ್ರಿ ಅತ್ತಿ" ಎಂದಳು ಮೀನಾ. ತನ್ನ ದನಿಯಲ್ಲಿ ಏನೂ ಇಲ್ಲದ್ದು ಅವಳಿಗೇ ಕೇಳಿಸಿತು. ಮುದುಕಿಗೂ ಕೇಳಿಸಿರಬೇಕು; ಅವಳು ಮಗನ ಕಾಲಿನಿಂದ ಚಪ್ಪಲಿ ಬಿಚ್ಚತೊಡಗಿದಳು. ಮೀನಾ ಹಿತ್ತಲಿಗೆ ಹೋಗಿ, ಸೋಮವಾರ ಕೆಲಸಕ್ಕೆ ಉಡಬೇಕಾದ ಸೀರೆಯನ್ನು ನೀರಿನಲ್ಲಿ ನೆನೆಹಾಕಿದಳು.